ದೂರ ಗೊತ್ತಾಯ್ತು, ಇಂಧನ ಎಷ್ಟು ಹಾಕಿಸ್ಬೇಕು?

ಮೂರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾನೂ ನನ್ನ ರೂಮ್‌ಮೇಟೂ ಸೇರಿ ಇರೋದ್ರಲ್ಲೇ ಸುಲಭ ಅನ್ನಿಸಿದ ಟಾಪಿಕ್ ಆರಿಸ್ಕೊಂಡಿದ್ವಿ. ಎರಡು ಏರ್‌ಪೋರ್ಟ್‌ಗಳ ಹೆಸರು ಕೊಟ್ಟರೆ ನಡುವಿನ ದೂರ ಎಷ್ಟು, ವಿಮಾನಕ್ಕೆ ಎಷ್ಟು ಹೊತ್ತು ಬೇಕು ಅಂತ ಹೇಳುವ ಪ್ರೋಗ್ರಾಂ. ಎಲ್ಲಾ ಏರ್‌ಪೋರ್ಟ್‌ಗಳ ಅಕ್ಷಾಂಶ, ರೇಖಾಂಶ ಇರುವ ಫೈಲ್ ಉಚಿತವಾಗಿ ಸಿಗುತ್ತೆ. ದೂರ ಕಂಡುಹಿಡಿಯೋಕೆ ಪೈಥಾಗರಸ್ ಇದ್ದಾನೆ. ದೂರವನ್ನು ವೇಗದಿಂದ ಭಾಗಿಸಿದರೆ ಸಮಯ. ಮೇಲೆ ಹತ್ತೋಕೆ, ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿದರೆ ಮುಗೀತು. ಎರಡು ಸಂಜೆಯ ಕೆಲಸ ಅಂದ್ಕೊಂಡ್ವಿ.

ಟೆಸ್ಟ್ ಮಾಡೋಕೆ ಮೊದಲು ಕೊಟ್ಟಿದ್ದು ಬೆಂಗಳೂರು ಮತ್ತು ದುಬೈ. ನಮ್ಮ ಮಾವ ಅಲ್ಲೇ ಕೆಲಸ ಮಾಡೋದು, ಅವರ ಟಿಕೆಟ್‌ನಲ್ಲಿ ಸಮಯ ನೋಡಿ ಹೋಲಿಸಬಹುದು ಅಂತ. ಪ್ರೋಗ್ರಾಂ 2,822 ಕಿ.ಮೀ. ಅಂತು, ಗಂಟೆಗೆ 750 ಕಿ.ಮೀ. ಲೆಕ್ಕದಲ್ಲಿ 4 ಗಂಟೆ 16 ನಿಮಿಷ. ನಿಜವಾದ ದೂರ 2,700ರ ಹತ್ತಿರ. ಸಮಯವೂ ಹೆಚ್ಚುಕಮ್ಮಿ ಸರಿ ಇತ್ತು. ಎಂಜಿನಿಯರಿಂಗ್‌ನಲ್ಲಿ ಇಷ್ಟು ವ್ಯತ್ಯಾಸ ಇದ್ದದ್ದೇ ಬಿಡು ಅಂತ ನಮಗೆ ನಾವೇ ಹೇಳ್ಕೊಂಡು ಗೈಡ್ ಸರ್ ಹತ್ರ ಹೋದ್ವಿ.

ಸರ್ ನೋಡಿದ್ರು. ಒಂದು ಚೀಟಿ ಮೇಲೆ ಎರಡು ಹೆಸರು ಬರೆದುಕೊಟ್ರು. "ಇದನ್ನ ಹಾಕಿ ನೋಡಿ" ಅಂದ್ರು. ಒಂದು ಸಮೋವಾ ದೇಶದ ಅಪಿಯಾ. ಇನ್ನೊಂದು ನಾರ್ಫೋಕ್ ದ್ವೀಪ. ಎರಡೂ ಪೆಸಿಫಿಕ್ ಸಾಗರದ ಮಧ್ಯೆ ಇರುವ ಊರುಗಳು. ನಾರ್ಫೋಕ್ ಅಂತೂ ಆಸ್ಟ್ರೇಲಿಯಾಕ್ಕೆ ಸೇರಿದ, ಸುಮಾರು ಎರಡು ಸಾವಿರ ಜನ ಇರುವ ಪುಟ್ಟ ದ್ವೀಪ, 35 ಚದರ ಕಿ.ಮೀ. ಕೂಡ ಇಲ್ಲ.

ಪ್ರೋಗ್ರಾಂ ಕೊಟ್ಟ ಉತ್ತರ: 37,838 ಕಿ.ಮೀ., 51 ಗಂಟೆ.

ಭೂಮಿಯ ಸುತ್ತಳತೆಯೇ 40,000 ಕಿ.ಮೀ. "ಮಗಾ, ನಿನ್ನ ವಿಮಾನ ಪ್ರಪಂಚ ಪರ್ಯಟನೆಗೆ ಹೊರಟಿದೆ" ಅಂತ ರೂಮ್‌ಮೇಟ್ ನಕ್ಕ. ಕೋಡ್‌ನ ಆ ಭಾಗ ಬರೆದಿದ್ದು ಅವನೇ ಅನ್ನೋದು ಬೇರೆ ವಿಷಯ.

ತಪ್ಪು ಎಲ್ಲಿದೆ ಅಂತ ಹುಡುಕೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ರೇಖಾಂಶವನ್ನ ಇಂಗ್ಲೆಂಡಿನ ಗ್ರೀನಿಚ್‌ನಿಂದ ಪೂರ್ವಕ್ಕೆ 180 ಡಿಗ್ರಿ, ಪಶ್ಚಿಮಕ್ಕೆ 180 ಡಿಗ್ರಿ ಅಂತ ಎಣಿಸ್ತಾರೆ. ಪೂರ್ವ ಅಂದ್ರೆ ಪ್ಲಸ್, ಪಶ್ಚಿಮ ಅಂದ್ರೆ ಮೈನಸ್. ಅಪಿಯಾದ ಫಾಲೆಓಲೋ ಏರ್‌ಪೋರ್ಟ್ ಇರೋದು ಮೈನಸ್ 172ರಲ್ಲಿ, ನಾರ್ಫೋಕ್ ಪ್ಲಸ್ 168ರಲ್ಲಿ. ಕಳೆದರೆ 340 ಡಿಗ್ರಿ. ಆದರೆ ಪ್ಲಸ್ 180 ಮತ್ತು ಮೈನಸ್ 180 ಎರಡೂ ಒಂದೇ ಗೆರೆ ಅಲ್ವಾ? ಪೆಸಿಫಿಕ್‌ನ ನಡುವೆ ಹಾದುಹೋಗೋ ಗೆರೆ. ಅದನ್ನ ದಾಟಿ ಹೋದರೆ ನಡುವಿನ ಅಂತರ 20 ಡಿಗ್ರಿ ಮಾತ್ರ. ನಮ್ಮ ಪ್ರೋಗ್ರಾಂ ಗೋಡೆಗೆ ನೇತುಹಾಕಿದ ಮ್ಯಾಪ್ ನೋಡಿದ ಹಾಗೆ ನೋಡಿತ್ತು. ಒಂದು ಊರು ಬಲತುದಿಯಲ್ಲಿ, ಇನ್ನೊಂದು ಎಡತುದಿಯಲ್ಲಿ. ಮ್ಯಾಪ್‌ನ ಎರಡು ಅಂಚು ಹಿಂದುಗಡೆ ಸೇರಿಕೊಂಡಿವೆ ಅನ್ನೋದು ಅದಕ್ಕೆ ಗೊತ್ತೇ ಇರಲಿಲ್ಲ. ಬೆಂಗಳೂರು–ದುಬೈ ಹಾಕ್ತಾ ಕೂತಿದ್ದರೆ ಈ ತಪ್ಪು ಯಾವತ್ತೂ ಸಿಗ್ತಾ ಇರಲಿಲ್ಲ.

180 ದಾಟಿದರೆ 360ರಿಂದ ಕಳೆ ಅಂತ ಒಂದು ಸಾಲು ಸೇರಿಸಿದ್ವಿ. ಉತ್ತರ 2,799 ಕಿ.ಮೀ.ಗೆ ಇಳೀತು. ಇದೂ ತಪ್ಪೇ. ಯಾಕಂದ್ರೆ ಒಂದು ಡಿಗ್ರಿ ರೇಖಾಂಶ ಎಲ್ಲಾ ಕಡೆ ಒಂದೇ ಉದ್ದ ಇರಲ್ಲ. ಭೂಮಧ್ಯರೇಖೆ ಮೇಲೆ ಅದು 111 ಕಿ.ಮೀ., ಧ್ರುವದಲ್ಲಿ ಸೊನ್ನೆ. ಕಿತ್ತಳೆ ಹಣ್ಣು ಬಿಡಿಸಿದಾಗ ತೊಳೆ ಮಧ್ಯದಲ್ಲಿ ದಪ್ಪ, ಎರಡು ತುದಿಯಲ್ಲಿ ಚೂಪು ಇರುತ್ತಲ್ಲ, ಹಾಗೆ. ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿದರೆ ಆ ಸಣ್ಣಗಾಗುವಿಕೆ ಲೆಕ್ಕಕ್ಕೆ ಬರುತ್ತೆ. ಇನ್ನೂ ಸರಿಯಾಗಿ ಬೇಕು ಅಂದ್ರೆ ಚಪ್ಪಟೆ ತ್ರಿಕೋನವನ್ನೇ ಬಿಟ್ಟು ಗೋಳದ ಮೇಲಿನ ತ್ರಿಕೋನ ಹಿಡೀಬೇಕು.

ಅದಕ್ಕಿರುವ ಸೂತ್ರದ ಹೆಸರು ಹ್ಯಾವರ್‌ಸೈನ್. ಹಡಗಿನವರು ಬಳಸ್ತಿದ್ದ ಹಳೇ ಸೂತ್ರ. ಆ ಕಾಲದಲ್ಲಿ ಅದರ ಬೆಲೆಗಳನ್ನ ಪುಸ್ತಕದಲ್ಲಿ ಕೋಷ್ಟಕ ಮಾಡಿ ಇಟ್ಕೊಂಡು, ಸಮುದ್ರದ ಮಧ್ಯೆ ಪೆನ್ಸಿಲ್‌ನಲ್ಲಿ ಲೆಕ್ಕ ಮಾಡ್ತಿದ್ರು. ಬಾಯಿಮಾತಿನಲ್ಲಿ ಹೇಳ್ತೀನಿ, ಹೆದರಬೇಡಿ. ಅಕ್ಷಾಂಶಗಳ ವ್ಯತ್ಯಾಸದ ಅರ್ಧ ತಗೊಂಡು ಅದರ ಸೈನ್‌ನ ವರ್ಗ ಮಾಡಿ. ರೇಖಾಂಶಗಳ ವ್ಯತ್ಯಾಸಕ್ಕೂ ಹಾಗೇ ಮಾಡಿ, ಅದನ್ನ ಎರಡೂ ಊರಿನ ಅಕ್ಷಾಂಶದ ಕೊಸೈನ್‌ಗಳಿಂದ ಗುಣಿಸಿ. ಎರಡನ್ನೂ ಕೂಡಿ. ಬಂದದ್ದರ ವರ್ಗಮೂಲ, ಅದರ ಸೈನ್ ವಿಲೋಮ, ಅದರ ಎರಡರಷ್ಟು. ಇದು ಭೂಮಿಯ ಕೇಂದ್ರದಿಂದ ನೋಡಿದಾಗ ಎರಡು ಊರುಗಳ ನಡುವೆ ಇರುವ ಕೋನ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ನಿಂದ ಗುಣಿಸಿದರೆ ದೂರ.

ಅಪಿಯಾ–ನಾರ್ಫೋಕ್‌ಗೆ ಎರಡು ಪದಗಳೂ ಕೂಡಿ 0.04325 ಬಂತು. ಕೋನ 0.419 ರೇಡಿಯನ್. ದೂರ 2,669 ಕಿ.ಮೀ. ಇದರಲ್ಲಿ ಇನ್ನೊಂದು ಒಳ್ಳೇ ಗುಣ ಇದೆ. ರೇಖಾಂಶದ ವ್ಯತ್ಯಾಸ 340 ಅಂತ ಕೊಟ್ಟರೂ 20 ಅಂತ ಕೊಟ್ಟರೂ ಅರ್ಧದ ಸೈನ್ ವರ್ಗ ಒಂದೇ ಬರುತ್ತೆ. 170ರ ಸೈನ್ ಅಂದ್ರೂ 10ರ ಸೈನ್ ಅಂದ್ರೂ ಒಂದೇ ತಾನೆ? ಅಂದ್ರೆ ನಾವು ಕಷ್ಟಪಟ್ಟು ಸೇರಿಸಿದ 360ರ ಸಾಲು ಬೇಕಾಗೇ ಇರಲಿಲ್ಲ. ಪಿಯುಸಿಯಲ್ಲಿ ತ್ರಿಕೋನಮಿತಿ ಯಾಕೆ ಓದಿಸ್ತಾರೆ ಅಂತ ಬೈತಾ ಇದ್ದವನಿಗೆ ಇದು ಸ್ವಲ್ಪ ನಾಚಿಕೆಯ ವಿಷಯ. ಭೂಮಿ ಪೂರ್ತಿ ಗೋಳ ಅಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ ಇರೋದ್ರಿಂದ ಈ ಉತ್ತರದಲ್ಲೂ ಅರ್ಧ ಶೇಕಡಾದಷ್ಟು ತಪ್ಪು ಇರಬಹುದು. ಇಲ್ಲಿ ಅದು ಜಾಸ್ತಿ ಅಂದ್ರೆ ಹದಿಮೂರು ಕಿಲೋಮೀಟರ್. ನಮಗೆ ಸಾಕು.

ದುಬೈಗೂ ಇದೇ ಸೂತ್ರ ಹಾಕಿದ್ರೆ 2,695 ಬಂತು. ಗಮನಿಸಿದ್ರಾ? ಬೆಂಗಳೂರಿಂದ ದುಬೈ, ಅಪಿಯಾದಿಂದ ನಾರ್ಫೋಕ್ ಎರಡೂ ಹೆಚ್ಚುಕಮ್ಮಿ ಒಂದೇ ದೂರ. ಇದನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಇನ್ನು ಸಮಯ. ಮೊದಲು ನಾವು ಹೋದದ್ದು ಗಡಿಯಾರದ ದಾರಿಯಲ್ಲಿ. ಹೊರಡೋ ಸಮಯ, ತಲುಪೋ ಸಮಯ ನೋಡಿ ಕಳೆಯೋದು. ಇದು ಈ ಜಾಗದಲ್ಲಿ ಕೈ ಕೊಡುತ್ತೆ. 2009ರಲ್ಲಿ ಅಪಿಯಾದ ಗಡಿಯಾರ ನಾರ್ಫೋಕ್‌ಗಿಂತ ಇಪ್ಪತ್ತೆರಡೂವರೆ ಗಂಟೆ ಹಿಂದೆ ಇತ್ತು. ಸಂಜೆ ಅಪಿಯಾ ಬಿಟ್ಟು ನಾಲ್ಕು ಗಂಟೆ ಹಾರಿದರೆ ನಾರ್ಫೋಕ್‌ನಲ್ಲಿ ಮರುದಿನದ ರಾತ್ರಿ ಆಗಿರ್ತಿತ್ತು. ಗಡಿಯಾರ ನಂಬಿದರೆ 26 ಗಂಟೆಗೂ ಮಿಕ್ಕಿದ ಪ್ರಯಾಣ. ಆಮೇಲೆ ಸಮೋವಾದವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ಅನುಕೂಲ ಆಗ್ಲಿ ಅಂತ ದಿನಾಂಕ ರೇಖೆಯ ಆ ಕಡೆಗೆ ಜಿಗಿದುಬಿಟ್ರು. 2011ರ ಡಿಸೆಂಬರ್ 30 ಅನ್ನೋ ದಿನವೇ ಆ ದೇಶದಲ್ಲಿ ಇರಲಿಲ್ಲ. ಗುರುವಾರ ಮಲಗಿ ಶನಿವಾರ ಎದ್ದರು. ಆ ದಿನ ಹುಟ್ಟಿದ ಹಬ್ಬ ಇದ್ದವರ ಕಥೆ ಏನಾಯ್ತೋ. ಒಟ್ಟಿನಲ್ಲಿ ಎರಡೂ ಸಮಯವನ್ನ ಯುಟಿಸಿಗೆ ಬದಲಾಯಿಸಿಕೊಂಡೇ ಕಳೀಬೇಕು ಅಂತ ಕಲಿತ್ವಿ.

ಗಡಿಯಾರ ಬಿಟ್ಟು ವೇಗಕ್ಕೆ ಬಂದರೆ ಗಾಳಿ ಸಿಗುತ್ತೆ. ಮಾವ ದುಬೈಗೆ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ಭೂಮಿ ತಿರುಗೋದ್ರಿಂದ ಹೀಗಾಗುತ್ತೆ ಅಂತ ರೂಮ್‌ಮೇಟ್ ವಾದ ಮಾಡ್ದ. ಅಲ್ಲ. ಭೂಮಿ ಜೊತೆಗೆ ಗಾಳಿಯೂ ತಿರುಗ್ತಾ ಇರುತ್ತೆ, ವಿಮಾನ ಇರೋದು ಆ ಗಾಳಿಯ ಒಳಗೆ. ಇಲ್ಲದಿದ್ರೆ ಹೆಲಿಕಾಪ್ಟರ್‌ನಲ್ಲಿ ಮೇಲೆದ್ದು ಸುಮ್ನೆ ನಿಂತಿದ್ರೆ ದುಬೈ ತಾನಾಗೇ ಕಾಲಕೆಳಗೆ ಬಂದುಬಿಡ್ತಿತ್ತು. ನಿಜವಾದ ಕಾರಣ, ವಿಮಾನ ಹಾರುವ ಎತ್ತರದಲ್ಲಿ ಇಂಥ ಅಕ್ಷಾಂಶಗಳಲ್ಲಿ ಗಾಳಿ ಬಹಳ ಸಲ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತೆ. ಭೂಮಧ್ಯರೇಖೆಯ ಎರಡೂ ಕಡೆ, 30 ಡಿಗ್ರಿ ಆಸುಪಾಸಿನಲ್ಲಿ, ಅದು ನದಿಯ ಹಾಗೆ ಹರಿಯುತ್ತೆ. ಜೆಟ್ ಸ್ಟ್ರೀಮ್ ಅಂತಾರಲ್ಲ, ಅದೇ. ನಾರ್ಫೋಕ್ ಇರೋದು ದಕ್ಷಿಣಕ್ಕೆ 29 ಡಿಗ್ರಿಯಲ್ಲಿ. ಅಪಿಯಾದಿಂದ ಅಲ್ಲಿಗೆ ಹೋಗೋ ದಿಕ್ಕು ನೈಋತ್ಯ. ಅಂದ್ರೆ ಹೋಗೋದು ಗಾಳಿಯ ಎದುರಿಗೆ.

ಒಂದು ಲೆಕ್ಕ ಮಾಡೋಣ. ಇದು ನಮ್ಮ ಪ್ರಾಜೆಕ್ಟ್‌ಗೆ ನಾವೇ ಇಟ್ಟುಕೊಂಡ ಸಂಖ್ಯೆಗಳು, ಯಾವ ನಿಜವಾದ ವಿಮಾನದ್ದೂ ಅಲ್ಲ. ಹತ್ತೋ ಇಳಿಯೋ ಅರ್ಧ ಗಂಟೆಯನ್ನೂ ಇಲ್ಲಿ ಬಿಟ್ಟಿದ್ದೀನಿ. ಗಾಳಿ ಇಲ್ಲದಾಗ ಗಂಟೆಗೆ 750 ಕಿ.ಮೀ. ಹೋಗೋ ಸಣ್ಣ ಜೆಟ್. ಎದುರುಗಾಳಿ 100. ಗಾಳಿ ಇಲ್ಲದಿದ್ರೆ 2,669 ಕಿ.ಮೀ.ಗೆ 3 ಗಂಟೆ 34 ನಿಮಿಷ. ಎದುರುಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ವೇಗ 650, ಸಮಯ 4 ಗಂಟೆ 6 ನಿಮಿಷ. ವಾಪಸ್ ಬರುವಾಗ 850, ಸಮಯ 3 ಗಂಟೆ 8 ನಿಮಿಷ. ಹೋಗುವಾಗ ಕಳ್ಕೊಂಡಿದ್ದು ಬರುವಾಗ ಸಿಗುತ್ತೆ ಅಂತ ಅನ್ನಿಸ್ಬಹುದು. ಪೂರ್ತಿ ಸಿಗಲ್ಲ. ಎರಡೂ ಕೂಡಿದರೆ 7 ಗಂಟೆ 15 ನಿಮಿಷದ ಹತ್ತಿರ, ಗಾಳಿಯೇ ಇಲ್ಲದಿದ್ರೆ 7 ಗಂಟೆ 7 ನಿಮಿಷ. ನಿಧಾನವಾಗಿ ಹೋಗೋ ಕಡೆ ಜಾಸ್ತಿ ಹೊತ್ತು ಗಾಳಿಯ ಹೊಡೆತ ತಿಂತೀವಲ್ಲ, ಅದಕ್ಕೆ. ತುಂಗಭದ್ರೆಯಲ್ಲಿ ತೆಪ್ಪ ನಡೆಸೋರನ್ನ ಕೇಳಿದ್ರೂ ಇದನ್ನೇ ಹೇಳ್ತಾರೆ.

ಗಾಳಿಯನ್ನೂ ಕೋಡ್‌ಗೆ ಸೇರಿಸಿ ಖುಷಿಯಿಂದ ವೈವಾಕ್ಕೆ ಹೋದ್ವಿ. ಸರ್ ಎಲ್ಲಾ ನೋಡಿ ಒಂದೇ ಪ್ರಶ್ನೆ ಕೇಳಿದ್ರು. "ಸರಿ, ನಾರ್ಫೋಕ್ ತಲುಪಿದ್ರಿ. ಮೋಡ ಕವಿದಿದೆ, ರನ್‌ವೇ ಕಾಣ್ತಿಲ್ಲ. ಈಗ?"

ನಾವು ಮುಖ ಮುಖ ನೋಡ್ಕೊಂಡ್ವಿ. "ಬೇರೆ ಏರ್‌ಪೋರ್ಟ್‌ಗೆ ಹೋಗೋದು ಸರ್" ಅಂದೆ. "ಯಾವುದಕ್ಕೆ?" ಅಂದ್ರು.

ಚಳಿಗಾಲದಲ್ಲಿ ದೇವನಹಳ್ಳಿಯಲ್ಲಿ ಮಂಜು ಬಿದ್ದರೆ ವಿಮಾನಗಳನ್ನ ಚೆನ್ನೈಗೆ ಕಳಿಸೋದು ಪೇಪರ್‌ನಲ್ಲಿ ಓದಿರ್ತೀರಿ. ಬೆಂಗಳೂರು ಏರ್‌ಪೋರ್ಟಿಂದ ಚೆನ್ನೈ ಏರ್‌ಪೋರ್ಟ್‌ಗೆ ಆಕಾಶದಲ್ಲಿ ಸುಮಾರು 270 ಕಿ.ಮೀ. ಅದಲ್ಲದೆ ಹೈದರಾಬಾದ್ ಇದೆ, ಕೊಯಮತ್ತೂರು ಇದೆ. ದುಬೈಗೆ ಹೋಗುವಾಗಲೂ ದಾರಿಯುದ್ದಕ್ಕೂ ಗೋವಾ, ಮುಂಬೈ, ಕರಾಚಿ, ಮಸ್ಕತ್. ಪ್ರಯಾಣಿಕರು ಬೈಕೊಳ್ತಾರೆ, ಕನೆಕ್ಟಿಂಗ್ ಫ್ಲೈಟ್ ತಪ್ಪುತ್ತೆ, ಅಷ್ಟೇ. ನಾರ್ಫೋಕ್‌ನಿಂದ ಹತ್ತಿರದ ದೊಡ್ಡ ಏರ್‌ಪೋರ್ಟ್ ನ್ಯೂ ಕ್ಯಾಲೆಡೋನಿಯಾದ ನೂಮೆಯಾ, 800 ಕಿ.ಮೀ. ಅಂದ್ರೆ ಬೆಂಗಳೂರಲ್ಲಿ ಇಳಿಯೋಕೆ ಆಗ್ಲಿಲ್ಲ ಅಂದ್ರೆ ಮುಂಬೈಗೆ ಹೋಗ್ಬೇಕು, ನಡುವೆ ಬರೀ ನೀರು. ನ್ಯೂಜಿಲೆಂಡಿನ ಆಕ್ಲೆಂಡ್ ಇನ್ನೂ ದೂರ, 1,090 ಕಿ.ಮೀ.

ಈಗ ಅದೇ ಸಣ್ಣ ಜೆಟ್‌ಗೆ 5 ಗಂಟೆ ಹಾರೋಕೆ ಆಗುವಷ್ಟು ಇಂಧನ ಹಾಕಿಸಿದ್ದೀವಿ ಅಂದ್ಕೊಳ್ಳಿ. ನೂಮೆಯಾ ದಿಕ್ಕಿನಲ್ಲಿ ಗಾಳಿ ಅಡ್ಡ ಬರುತ್ತೆ, ಸುಲಭಕ್ಕೆ ಅದರ ಪರಿಣಾಮ ಸೊನ್ನೆ ಅಂತ ಇಡೋಣ. 800 ಕಿ.ಮೀ.ಗೆ 64 ನಿಮಿಷ. ಗಾಳಿ ಇಲ್ಲದ ದಿನ ನಾರ್ಫೋಕ್ ತಲೆ ಮೇಲೆ ಬಂದಾಗ 1 ಗಂಟೆ 26 ನಿಮಿಷದ ಇಂಧನ ಉಳಿದಿರುತ್ತೆ. ನೂಮೆಯಾಕ್ಕೆ ಹೋಗಿಬಿಡಬಹುದು, 22 ನಿಮಿಷದ್ದು ಇನ್ನೂ ಮಿಕ್ಕಿರುತ್ತೆ. ಎದುರುಗಾಳಿ ದಿನ 4 ಗಂಟೆ 6 ನಿಮಿಷ ಆಗಿರುತ್ತೆ, ಉಳಿದಿರೋದು 54 ನಿಮಿಷ. ಬೇಕಾಗಿರೋದು 64.

ಟಿಕೆಟ್ ಮೇಲೆ ಬರೀ ಅರ್ಧ ಗಂಟೆ ಲೇಟ್ ಅಂತ ಕಾಣುವ ಗಾಳಿ ಇಲ್ಲಿ ವಿಮಾನಕ್ಕಿದ್ದ ಇನ್ನೊಂದು ದಾರಿಯನ್ನೇ ಮುಚ್ಚಿಬಿಡ್ತು.

ಹಾಗಾದ್ರೆ ನಿರ್ಧಾರ ತಗೋಬೇಕಾದ್ದು ನಾರ್ಫೋಕ್ ತಲುಪಿದ ಮೇಲಲ್ಲ, ಅದಕ್ಕೂ ಮುಂಚೆ. ಎಷ್ಟು ಮುಂಚೆ? ಕೊನೆಯ 30 ನಿಮಿಷದ ಇಂಧನವನ್ನ ಮುಟ್ಟಬಾರದು ಅಂತ ಅಂತಾರಾಷ್ಟ್ರೀಯ ನಿಯಮ ಇದೆ. ಅಂದ್ರೆ ಲೆಕ್ಕಕ್ಕೆ ಸಿಗೋದು ನಾಲ್ಕೂವರೆ ಗಂಟೆ. ದಾರಿಯಲ್ಲಿ ಯಾವ ಬಿಂದುವಿನಲ್ಲಿ "ಇಲ್ಲಿವರೆಗೆ ಬಂದ ಸಮಯ" ಮತ್ತು "ಇಲ್ಲಿಂದ ನೂಮೆಯಾಕ್ಕೆ ಬೇಕಾದ ಸಮಯ" ಕೂಡಿದರೆ ಸರಿಯಾಗಿ ನಾಲ್ಕೂವರೆ ಆಗುತ್ತೋ, ಅದೇ ಗಡಿ. ಪೈಲಟ್‌ಗಳು ಪಾಯಿಂಟ್ ಆಫ್ ನೋ ರಿಟರ್ನ್ ಅನ್ನೋದು ಇಂಥ ಬಿಂದುವಿಗೇ. ಹೆಸರಲ್ಲಿ ರಿಟರ್ನ್ ಅಂತ ಇದ್ದರೂ ಹೊರಟ ಜಾಗಕ್ಕೇ ವಾಪಸ್ ಹೋಗ್ಬೇಕು ಅಂತಿಲ್ಲ. ನಮ್ಮ ಸಂಖ್ಯೆಗಳಿಗೆ ಗಾಳಿ ಇಲ್ಲದ ದಿನ ಆ ಬಿಂದು ನಾರ್ಫೋಕ್‌ಗಿಂತ ಸುಮಾರು 65 ಕಿ.ಮೀ. ಹಿಂದೆ ಬಂತು, ಐದು ನಿಮಿಷದ ದಾರಿ. ಎದುರುಗಾಳಿ ದಿನ ಸುಮಾರು 365 ಕಿ.ಮೀ. ಹಿಂದೆ, ಅಂದ್ರೆ ತಲುಪೋಕೆ ಇನ್ನೂ 34 ನಿಮಿಷ ಇರುವಾಗಲೇ. ಆ ದೂರದಿಂದ ದ್ವೀಪ ಕಾಣಲ್ಲ, ದೀಪ ಕಾಣಲ್ಲ. ರೇಡಿಯೋದಲ್ಲಿ ಯಾರೋ ಹೇಳುವ ಹವಾಮಾನವನ್ನ ನಂಬಿ ಹೋಗೋದಾ, ತಿರುಗೋದಾ ಅಂತ ಆಗಲೇ ಹೇಳಿಬಿಡ್ಬೇಕು. ದಾಟಿದ ಮೇಲೆ ನೂಮೆಯಾ ಅನ್ನೋ ಆಯ್ಕೆ ಕೈಬಿಟ್ಟ ಹಾಗೆ.

ಸರ್ ಆ ಎರಡು ಹೆಸರನ್ನ ಸುಮ್ನೆ ಬರೆದುಕೊಟ್ಟಿರಲಿಲ್ಲ ಅಂತ ವೈವಾ ಮುಗಿದ ಮೇಲೆ ಗೊತ್ತಾಯ್ತು. ಅವರು ನಮ್ಮ ಮುಂದೆ ತೆಗೆದಿಟ್ಟಿದ್ದು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋದ ಒಂದು ತನಿಖಾ ವರದಿ.

2009ರ ನವೆಂಬರ್‌ನಲ್ಲಿ ಅಪಿಯಾದಿಂದ ಒಂದು ಏರ್ ಆಂಬುಲೆನ್ಸ್ ಹೊರಟಿತ್ತು. ವೆಸ್ಟ್‌ವಿಂಡ್ ಅನ್ನೋ ಎರಡು ಎಂಜಿನ್‌ನ ಸಣ್ಣ ಜೆಟ್. ಒಳಗೆ ಆರು ಜನ. ಒಬ್ಬ ಮಹಿಳಾ ರೋಗಿ, ಅವರ ಗಂಡ, ಒಬ್ಬರು ಡಾಕ್ಟರ್, ಒಬ್ಬರು ನರ್ಸ್, ಇಬ್ಬರು ಪೈಲಟ್‌ಗಳು. ನಾರ್ಫೋಕ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮೆಲ್ಬರ್ನ್‌ಗೆ ಹೋಗೋದು ಪ್ಲ್ಯಾನ್. ರೆಕ್ಕೆಯ ತುದಿಯ ಟ್ಯಾಂಕ್‌ಗಳಿಗೆ ಇಂಧನ ಹಾಕಿಸಿರಲಿಲ್ಲ. ಹೊರಡುವಾಗ ನಾರ್ಫೋಕ್‌ನ ಹವಾಮಾನ ಮುನ್ಸೂಚನೆಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ದಾರಿಯಲ್ಲಿ ಎದುರುಗಾಳಿ ಅಂದಾಜಿಗಿಂತ ಜೋರಾಗಿತ್ತು. ಅಷ್ಟರಲ್ಲಿ ನಾರ್ಫೋಕ್‌ನಲ್ಲಿ ಮೋಡ ಕೆಳಗಿಳೀತಾ ಬಂತು. ಆ ಏರ್‌ಪೋರ್ಟ್ ಇರೋದು ಸಮುದ್ರದಿಂದ ನೂರು ಮೀಟರ್‌ಗೂ ಮೇಲೆ, ದಿಬ್ಬದ ಮೇಲೆ. ಮೋಡ ಸ್ವಲ್ಪ ಇಳಿದರೂ ರನ್‌ವೇಗೆ ಹತ್ತಿರ ಬಂದುಬಿಡುತ್ತೆ. ಹೊಸ ಹವಾಮಾನದ ಮಾಹಿತಿ ಎಲ್ಲವೂ ಪೈಲಟ್‌ಗಳಿಗೆ ತಲುಪಲಿಲ್ಲ. ಬೇರೆ ಕಡೆ ತಿರುಗೋಕೆ ಸಾಧ್ಯ ಇದ್ದಾಗ ಅವರು ಮುಂದಕ್ಕೇ ಹೋದ್ರು.

ನವೆಂಬರ್ 18ರ ರಾತ್ರಿ, ಮಳೆ ಮೋಡದಲ್ಲಿ, ನಾಲ್ಕು ಸಲ ಇಳಿಯೋಕೆ ಪ್ರಯತ್ನ ಪಟ್ಟರು. ನಾಲ್ಕು ಸಲವೂ ರನ್‌ವೇ ಕಾಣಲಿಲ್ಲ. ನೂಮೆಯಾಕ್ಕೆ ಹೋಗುವಷ್ಟು ಇಂಧನ ಇರಲಿಲ್ಲ. ಇಂಧನ ಪೂರ್ತಿ ಮುಗಿದು ಎಂಜಿನ್ ನಿಂತ ಮೇಲೆ ಬೀಳೋದಕ್ಕಿಂತ ಹತೋಟಿ ಇರುವಾಗಲೇ ಸಮುದ್ರಕ್ಕೆ ಇಳಿಸೋದು ಅಂತ ತೀರ್ಮಾನಿಸಿದರು. ಕತ್ತಲಲ್ಲಿ, ಅಲೆಗಳ ಮೇಲೆ, ವಿಮಾನ ಇಳೀತು. ಒಳಗೆ ನೀರು ನುಗ್ಗಿತು. ರಬ್ಬರ್ ದೋಣಿ ಹೊರಗೆ ತರೋಕೆ ಆಗಲಿಲ್ಲ, ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಕೂಡ ಇರಲಿಲ್ಲ. ಸ್ಟ್ರೆಚರ್‌ಗೆ ಪಟ್ಟಿ ಕಟ್ಟಿ ಮಲಗಿಸಿದ್ದ ರೋಗಿಯನ್ನೂ ಸೇರಿಸಿ ಆರೂ ಜನ ಹೊರಗೆ ಬಂದ್ರು. ನೀರಲ್ಲಿ ಒಬ್ಬರನ್ನೊಬ್ಬರು ಹಿಡ್ಕೊಂಡು ತೇಲ್ತಾ ಇದ್ದರು. ದಡದಲ್ಲಿದ್ದ ಏರ್‌ಪೋರ್ಟ್‌ನ ಅಗ್ನಿಶಾಮಕ ಸಿಬ್ಬಂದಿಯೊಬ್ಬರಿಗೆ ದೂರದಲ್ಲಿ ಒಂದು ಚಿಕ್ಕ ಬೆಳಕು ಕಂಡ ಹಾಗಾಯ್ತು. ಕ್ಯಾಪ್ಟನ್ ಹತ್ರ ಇದ್ದ ಸಣ್ಣ ಟಾರ್ಚ್ ಅದು. ಆ ದಿಕ್ಕಿಗೆ ದೋಣಿ ಹೋಯ್ತು. ಸುಮಾರು ಒಂದೂವರೆ ಗಂಟೆ ನೀರಲ್ಲಿದ್ದ ಆರೂ ಜನ ಬದುಕಿದರು.

ಇದನ್ನ ಓದಿದ ರಾತ್ರಿ ನಾನು ನಮ್ಮ ಪ್ರೋಗ್ರಾಂ ಮತ್ತೆ ತೆಗೆದು ಅಪಿಯಾ, ನಾರ್ಫೋಕ್ ಅಂತ ಟೈಪ್ ಮಾಡಿದೆ. "2,669 ಕಿ.ಮೀ., 4 ಗಂಟೆ 6 ನಿಮಿಷ" ಅಂತ ಹಸಿರು ಅಕ್ಷರದಲ್ಲಿ ಬಂತು. ಎರಡು ಸಂಖ್ಯೆಯೂ ಸರಿಯಾಗೇ ಇತ್ತು. ಆ ವಿಮಾನದಲ್ಲಿದ್ದವರಿಗೂ ಈ ಎರಡು ಸಂಖ್ಯೆ ಗೊತ್ತಿತ್ತು ಅನ್ನೋದೇ ತಲೆಯಲ್ಲಿ ಕೊರೀತಾ ಇತ್ತು.

ನಿಯಮಗಳು ಇರಲಿಲ್ಲವಾ ಅಂತ ಕೇಳಬಹುದು. ಇದೇ ನನಗೆ ಬಹಳ ಸಿಟ್ಟು ಬರಿಸಿದ ಭಾಗ. ನಾರ್ಫೋಕ್‌ನಂಥ ದೂರದ ದ್ವೀಪಗಳಿಗೆ ಬಾಡಿಗೆ ವಿಮಾನದಲ್ಲಿ ಪ್ರಯಾಣಿಕರನ್ನ ಕರ್ಕೊಂಡು ಹೋಗೋರು ಬೇರೆ ಏರ್‌ಪೋರ್ಟ್‌ಗೆ ಹೋಗುವಷ್ಟು ಇಂಧನ ಇಟ್ಕೊಂಡೇ ಹೋಗ್ಬೇಕು ಅಂತ ಆಸ್ಟ್ರೇಲಿಯಾದಲ್ಲಿ ಆಗಲೇ ನಿಯಮ ಇತ್ತು. ಆದರೆ ಏರ್ ಆಂಬುಲೆನ್ಸ್ ಹಾರಾಟ ಅವರ ಕಾನೂನಿನಲ್ಲಿ ಪ್ರಯಾಣಿಕರ ಸಾಗಣೆ ಅಂತ ಲೆಕ್ಕ ಇರಲಿಲ್ಲ. ಅದು ಬೇರೆ ವರ್ಗ. ಆಕಾಶದಿಂದ ಫೋಟೋ ತೆಗೆಯೋದು, ಸರ್ವೆ ಮಾಡೋದು ಇಂಥ ಕೆಲಸಗಳ ಜೊತೆ ಸೇರಿತ್ತು. ಹಾಗಾಗಿ ರಜೆಗೆ ಹೋಗೋರಿಗೆ ಇದ್ದ ರಕ್ಷಣೆ ಸ್ಟ್ರೆಚರ್ ಮೇಲೆ ಮಲಗಿದ್ದ ರೋಗಿಗೆ ಇರಲಿಲ್ಲ. ಆಮೇಲೆ ನಿಯಮ ಬಿಗಿ ಮಾಡಿದರು. ಮೊದಲ ತನಿಖಾ ವರದಿ 2012ರಲ್ಲಿ ಬಂತು. ಅದು ಪೈಲಟ್‌ಗಳ ತಪ್ಪನ್ನೇ ಹೆಚ್ಚಾಗಿ ನೋಡಿತು, ವ್ಯವಸ್ಥೆಯ ತಪ್ಪನ್ನ ಸಾಕಷ್ಟು ನೋಡಲಿಲ್ಲ ಅಂತ ಗಲಾಟೆ ಆಗಿ, ಅಲ್ಲಿನ ಸೆನೆಟ್ ವಿಚಾರಣೆ ನಡೆದು, ತನಿಖೆ ಮತ್ತೆ ಶುರುವಾಯ್ತು. ಸಮುದ್ರದ ತಳದಿಂದ ರೆಕಾರ್ಡರ್‌ಗಳನ್ನ ಮೇಲೆತ್ತಿದ್ದು 2015ರಲ್ಲಿ. ಎರಡನೇ ವರದಿ 2017ರಲ್ಲಿ ಬಂತು.

ಬೇರೆ ಏರ್‌ಪೋರ್ಟ್ ಹತ್ತಿರದಲ್ಲಿ ಇಲ್ಲವೇ ಇಲ್ಲ ಅನ್ನೋ ಜಾಗಗಳಿಗೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ ಇನ್ನೊಂದು ದಾರಿ ಇಟ್ಟಿದೆ. ಜೆಟ್ ವಿಮಾನ ಆದ್ರೆ, ತಲುಪಿದ ಮೇಲೂ ಅಲ್ಲೇ ಎರಡು ಗಂಟೆ ಹಾರುವಷ್ಟು ಇಂಧನ ಇರಬೇಕು. ಮೋಡ ಸರಿಯೋವರೆಗೆ ಕಾಯೋಕೆ. ನಮ್ಮ ಲೆಕ್ಕಕ್ಕೆ ಇದನ್ನ ಹಾಕಿದರೆ 4 ಗಂಟೆ 6 ನಿಮಿಷ, ಅದರ ಮೇಲೆ 2 ಗಂಟೆ. ನಮ್ಮ ಹತ್ರ ಇರೋದು 5 ಗಂಟೆಯದ್ದು. ಹಾಗಾಗಿ ಆ ಜೆಟ್ ಹೊರಡಲೇಬಾರದು.

ಟ್ಯಾಂಕ್ ಫುಲ್ ಮಾಡಿಸಿದ್ರೆ ಆಯ್ತಲ್ಲ ಅಂತ ಅನ್ನಿಸುತ್ತೆ. ಬೈಕ್‌ಗೆ ಮಾಡಿಸ್ತೀವಲ್ಲ ಹಾಗೆ. ವಿಮಾನಕ್ಕೆ ಹೆಚ್ಚು ಇಂಧನ ಅಂದ್ರೆ ಹೆಚ್ಚು ತೂಕ. ಆ ತೂಕ ಹೊರೋಕೆ ಮತ್ತೆ ಇಂಧನ ಬೇಕು. ಭಾರ ಜಾಸ್ತಿ ಆದರೆ ಬೇಗ ಎತ್ತರಕ್ಕೆ ಹತ್ತೋಕೆ ಆಗಲ್ಲ, ಕೆಳಗಿನ ದಟ್ಟ ಗಾಳಿಯಲ್ಲಿ ಹಾರಿದರೆ ಇನ್ನೂ ಖರ್ಚು. ರನ್‌ವೇ ಚಿಕ್ಕದಾಗಿದ್ದರೆ ಮೇಲೇಳೋದೇ ಕಷ್ಟ. ಆದರೂ ಇಂಥ ದಾರಿಯಲ್ಲಿ ಆ ಖರ್ಚು ಮಾಡಲೇಬೇಕು ಅಂತ ಈಗ ನನಗನ್ನಿಸುತ್ತೆ.

ಇನ್ನೊಂದು ದಾರಿಯೂ ಇದೆ, ಅದು ನಮ್ಮ ಪ್ರೋಗ್ರಾಂನಿಂದಲೇ ಸಿಕ್ಕಿತು. ಅಪಿಯಾ ಮತ್ತು ನಾರ್ಫೋಕ್ ನಡುವೆ ಫಿಜಿಯ ನಾಡಿ ಅನ್ನೋ ದೊಡ್ಡ ಏರ್‌ಪೋರ್ಟ್ ಇದೆ. ಅಪಿಯಾದಿಂದ ಅಲ್ಲಿಗೆ ಸುಮಾರು 1,210 ಕಿ.ಮೀ., ಅಲ್ಲಿಂದ ನಾರ್ಫೋಕ್‌ಗೆ ಸುಮಾರು 1,585. ಒಟ್ಟು 2,795. ನೇರ ದಾರಿಗಿಂತ 125 ಕಿ.ಮೀ. ಮಾತ್ರ ಸುತ್ತು! ನಾಡಿಯಲ್ಲಿ ಮತ್ತೆ 5 ಗಂಟೆಯ ಇಂಧನ ತುಂಬಿಸಿ ಹೊರಟರೆ, ಅದೇ ಎದುರುಗಾಳಿಯಲ್ಲಿ 2 ಗಂಟೆ 26 ನಿಮಿಷಕ್ಕೆ ನಾರ್ಫೋಕ್. ಮೋಡ ಇದ್ದರೆ ನೂಮೆಯಾಕ್ಕೆ 64 ನಿಮಿಷ. ಒಟ್ಟು ಮೂರೂವರೆ ಗಂಟೆ, ಇನ್ನೂ ಒಂದೂವರೆ ಗಂಟೆಯದ್ದು ಟ್ಯಾಂಕ್‌ನಲ್ಲಿ. ಇಳಿಯೋದು, ಹತ್ತೋದು, ನೆಲದ ಮೇಲೆ ಕಾಯೋದು ಎಲ್ಲಾ ಸೇರಿ ಹೊತ್ತು ಜಾಸ್ತಿ ಆಗುತ್ತೆ ನಿಜ. ರೋಗಿ ಇದ್ದಾಗ ಆ ಹೊತ್ತಿಗೂ ಬೆಲೆ ಇದೆ. ಆದರೆ "ಅತಿ ಹತ್ತಿರದ ದಾರಿ ಯಾವುದು" ಅಂತ ಮಾತ್ರ ಕೇಳುವ ಪ್ರೋಗ್ರಾಂ ನಾಡಿಯನ್ನ ಯಾವತ್ತೂ ತೋರಿಸ್ತಾ ಇರಲಿಲ್ಲ.

ವೈವಾದಲ್ಲಿ ಮಾರ್ಕ್ಸ್ ಕಡಿಮೆ ಬಂತು, ಅದು ಆಗಿಹೋದ ವಿಷಯ. ಈ ಸೆಮಿಸ್ಟರ್‌ನಲ್ಲಿ ಯಾರೂ ಕೇಳದಿದ್ರೂ ಅದನ್ನೇ ತಿದ್ದುತ್ತಾ ಇದ್ದೀವಿ. ಈಗ ದೂರ, ಸಮಯ ಬಂದ ಮೇಲೆ ಮೂರನೇ ಸಾಲು ಬರುತ್ತೆ: ಹತ್ತಿರದ ಬೇರೆ ಏರ್‌ಪೋರ್ಟ್ ಯಾವುದು, ಅಲ್ಲಿಗೆ ಎಷ್ಟು ಹೊತ್ತು. ನಾಲ್ಕನೆಯದು, ಎಲ್ಲಿಗೆ ಬಂದಾಗ ನಿರ್ಧಾರ ಮಾಡಬೇಕು. ಬೆಂಗಳೂರು–ದುಬೈ ಹಾಕಿದರೆ ಅದು ಖಾಲಿ ಬರುತ್ತೆ, ಅಪಿಯಾ–ನಾರ್ಫೋಕ್ ಹಾಕಿದರೆ ಕೆಂಪು ಅಕ್ಷರದಲ್ಲಿ 365 ಅಂತ ಬರುತ್ತೆ. ಮೊನ್ನೆ ಸರ್‌ಗೆ ತೋರಿಸಿದ್ವಿ. "ನೂಮೆಯಾ ಕಡೆಗೆ ಗಾಳಿ ಸೊನ್ನೆ ಅಂತ ಹಾಕಿದ್ದೀರಲ್ಲ, ಅದನ್ನ ಸರಿ ಮಾಡ್ಕೊಂಡು ಬನ್ನಿ" ಅಂತ ವಾಪಸ್ ಕಳಿಸಿದ್ದಾರೆ.